ಬಿಷಪ್ ಆಕ್ಲೆಂಡ್: ಸಂಬಳವಿಲ್ಲದ ಹನ್ನೊಂದು ಜನ, ನೋಡಲು ಲಕ್ಷ ಜನ

ಹೋದ ಸಂಚಿಕೆಯಲ್ಲಿ ಇಂಗ್ಲೆಂಡಿನ ಡರ್ಹಮ್ ಕೌಂಟಿಯಲ್ಲಿ ನಾವು ಕಳೆದ ಎಂಟು ವರ್ಷಗಳ ಬಗ್ಗೆ ಬರೆದಿದ್ದೆ. ಹೆಂಡತಿ ನರ್ಸ್, ಶನಿವಾರ ಹೆಚ್ಚಾಗಿ ಅವಳಿಗೆ ಡ್ಯೂಟಿ ಇರುತ್ತಿತ್ತು. ಆಗ ನಾನು ಮಗನನ್ನು ಕರೆದುಕೊಂಡು ಬಿಷಪ್ ಆಕ್ಲೆಂಡ್ ತಂಡದ ಫುಟ್‌ಬಾಲ್ ಪಂದ್ಯಕ್ಕೆ ಹೋಗುತ್ತಿದ್ದೆ ಎಂದು ಒಂದೇ ಒಂದು ಸಾಲು ಬರೆದೆ. ಆ ಸಾಲಿಗೆ ಇಷ್ಟು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ಕ್ಲಬ್ಬಿಗೇ.

ಪ್ರಶ್ನೆ: ಬಿಷಪ್ ಆಕ್ಲೆಂಡ್ ಅಂದರೆ ಊರೋ, ಯಾರಾದರೂ ಪಾದ್ರಿಯ ಹೆಸರೋ? ನ್ಯೂಜಿಲೆಂಡಿನ ಆಕ್ಲೆಂಡಿಗೂ ಇದಕ್ಕೂ ನಂಟಿದೆಯೇ?
– ನಿವೃತ್ತ ಭೂಗೋಳ ಮೇಷ್ಟರು

ಊರೇ, ಮೇಷ್ಟ್ರೇ. ಇಂಗ್ಲೆಂಡಿನ ಈಶಾನ್ಯದಲ್ಲಿ ವೇರ್ ನದಿಯ ದಂಡೆ ಮೇಲಿರುವ ಸಂತೆಯೂರು. ಜನಸಂಖ್ಯೆ ಇಪ್ಪತ್ತೈದು ಸಾವಿರದಷ್ಟು. ಡರ್ಹಮ್‌ನ ಬಿಷಪ್ಪರು ಶತಮಾನಗಳ ಕಾಲ ವಾಸವಿದ್ದ ಆಕ್ಲೆಂಡ್ ಕ್ಯಾಸಲ್ ಇರುವುದು ಇಲ್ಲೇ. ಊರಿನ ಹೆಸರಿಗೆ 'ಬಿಷಪ್' ಅಂಟಿಕೊಂಡಿದ್ದು ಅದರಿಂದ. ಮೂರು ಮೈಲಿ ಆಚೆಗೆ ವೆಸ್ಟ್ ಆಕ್ಲೆಂಡ್ ಅನ್ನುವ ಹಳ್ಳಿ ಇದೆ.

ನ್ಯೂಜಿಲೆಂಡಿನ ನಂಟೂ ಇದೆ, ನಮ್ಮ ದೇಶದ ನಂಟೂ ಇದೆ. ಆ ಸೀಮೆಯ ಈಡನ್ ಮನೆತನದವರಿಗೆ ವೆಸ್ಟ್ ಆಕ್ಲೆಂಡಿನ ಹೆಸರಿನಲ್ಲೇ 'ಲಾರ್ಡ್ ಆಕ್ಲೆಂಡ್' ಪದವಿ ಬಂತು. ಆ ಮನೆತನದ ಜಾರ್ಜ್ ಈಡನ್ 1836ರಿಂದ 1842ರವರೆಗೆ ಭಾರತದ ಗವರ್ನರ್ ಜನರಲ್ ಆಗಿದ್ದವರು, ಮೊದಲ ಆಫ್ಘನ್ ಯುದ್ಧಕ್ಕೆ ಸೈನ್ಯ ಕಳಿಸಿದವರು. ನ್ಯೂಜಿಲೆಂಡಿನ ಊರಿಗೆ ಇಟ್ಟಿದ್ದು ಅವರ ಹೆಸರನ್ನೇ. ಕೋಲ್ಕತ್ತದ ಈಡನ್ ಗಾರ್ಡನ್ಸ್ ಅವರ ಅಕ್ಕತಂಗಿಯರ ಹೆಸರಿನದು. ನಾವು ಟೆಸ್ಟ್ ಮ್ಯಾಚ್ ನೋಡುತ್ತಾ ಎಷ್ಟು ಸಲ ಹೇಳಿದ್ದೇವೋ ಆ ಹೆಸರಿನ ಬೇರು ಈ ಕಲ್ಲಿದ್ದಲು ಗಣಿಸೀಮೆಯಲ್ಲಿದೆ ಅಂತ ನನಗೆ ಗೊತ್ತಾಗಿದ್ದು ಅಲ್ಲಿಗೆ ಹೋದ ಮೇಲೆ.

ಪ್ರಶ್ನೆ: 'ನಾನ್-ಲೀಗ್ ಕ್ಲಬ್' ಎಂದು ಬರೆದಿದ್ದೀರಿ. ಲೀಗಿನಲ್ಲೇ ಆಡದ ತಂಡ ಆಡುವುದಾದರೂ ಎಲ್ಲಿ?
– ಪಿಯುಸಿ ವಿದ್ಯಾರ್ಥಿನಿ

ಹೆಸರು ದಾರಿ ತಪ್ಪಿಸುತ್ತದಮ್ಮ. ಅಲ್ಲಿ 'ದಿ ಲೀಗ್' ಅಂದರೆ 1888ರಲ್ಲಿ ಹನ್ನೆರಡು ತಂಡಗಳಿಂದ ಶುರುವಾದ ಫುಟ್‌ಬಾಲ್ ಲೀಗ್ ಮಾತ್ರ. ಈಗ ಪ್ರೀಮಿಯರ್ ಲೀಗಿನ 20 ಮತ್ತು ಅದರ ಕೆಳಗಿನ ಮೂರು ಡಿವಿಜನ್‌ಗಳ 72, ಒಟ್ಟು 92 ಕ್ಲಬ್ಬುಗಳು. ಇವುಗಳಿಂದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇರುವುದೆಲ್ಲ ನಾನ್-ಲೀಗ್. ಬಿಷಪ್ ಆಕ್ಲೆಂಡ್ ಬಹುಕಾಲ ಆಡಿದ್ದು ನಾರ್ದರ್ನ್ ಲೀಗಿನಲ್ಲಿ. ಅದು 1889ರಲ್ಲಿ ಹುಟ್ಟಿದ್ದು, ಇವತ್ತಿಗೂ ನಡೆಯುತ್ತಿರುವ ಲೀಗುಗಳಲ್ಲಿ ಜಗತ್ತಿಗೇ ಎರಡನೆಯ ಹಳೆಯದು. ನಾನು ನೋಡುತ್ತಿದ್ದಾಗ ಅದು ಮೇಲಿನಿಂದ ಎಣಿಸಿದರೆ ಒಂಬತ್ತನೇ ಮೆಟ್ಟಿಲು.

ಇನ್ನೊಂದು ವಿಷಯ. 1987ರವರೆಗೆ ಕೆಳಗಿನವರು ಗೆದ್ದರೂ ತಾನಾಗಿ ಮೇಲೆ ಹೋಗುವಂತಿರಲಿಲ್ಲ. ಮೇಲಿನ ಕ್ಲಬ್ಬುಗಳು ಮತ ಹಾಕಿ ಒಳಗೆ ಬಿಟ್ಟುಕೊಳ್ಳಬೇಕಿತ್ತು. ಒಳಗಿದ್ದವರು ಒಳಗಿದ್ದವರಿಗೇ ಮತ ಹಾಕುತ್ತಿದ್ದುದು ಹೆಚ್ಚು. ಆ ವರ್ಷ ಸ್ಕಾರ್‌ಬರೋ ಎಂಬ ಸಮುದ್ರತೀರದ ಊರಿನ ಕ್ಲಬ್ಬು ಮೊದಲ ಬಾರಿಗೆ ಆಟದ ಬಲದಿಂದಲೇ ನೇರವಾಗಿ ಮೇಲೇರಿತು. ಇಪ್ಪತ್ತು ವರ್ಷಕ್ಕೆ, 2007ರಲ್ಲಿ, ಸಾಲದ ಹೊರೆಯಲ್ಲಿ ಮುಚ್ಚಿಯೂ ಹೋಯಿತು. ಆ ಲೋಕದಲ್ಲಿ ಮೇಲೇರುವುದಕ್ಕಿಂತ ಉಳಿದುಕೊಳ್ಳುವುದು ಕಷ್ಟ.

ಪ್ರಶ್ನೆ: ತಂಡದ ಅಂಗಿಗೆ ಎರಡು ನೀಲಿ ಯಾಕೆ?
– ಮೇಲಿನ ಪತ್ರದ ಕೊನೆಯಲ್ಲಿ ಆಕೆಯ ತಮ್ಮ ಕೇಳಿದ್ದು

ಕ್ಲಬ್ ಹುಟ್ಟಿದ್ದು 1886ರಲ್ಲಿ. ಆಗಿನ ಬಿಷಪ್ ಲೈಟ್‌ಫುಟ್ ಅವರು ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮುಗಿಸಿದ ಹುಡುಗರನ್ನು ಪಾದ್ರಿ ಕೆಲಸಕ್ಕೆ ತಯಾರು ಮಾಡಲು ತಮ್ಮ ಕ್ಯಾಸಲ್ಲಿನಲ್ಲೇ ಇಟ್ಟುಕೊಂಡಿದ್ದರು. ಊರಿಗೆ ಫುಟ್‌ಬಾಲ್ ಹುಚ್ಚು ಹತ್ತಿಸಿದವರು ಅವರೇ ಎಂದು ಕ್ಲಬ್ಬಿನವರು ಹೇಳುತ್ತಾರೆ. ಆಕ್ಸ್‌ಫರ್ಡಿನದು ಕಡುನೀಲಿ, ಕೇಂಬ್ರಿಡ್ಜಿನದು ತಿಳಿನೀಲಿ. ಎರಡೂ ಸೇರಿ ತಂಡಕ್ಕೆ 'ಟೂ ಬ್ಲೂಸ್' ಎಂದೇ ಹೆಸರಾಯಿತು. ಪಾದ್ರಿ ಹುಡುಗರು ಹೋದರು. ಅಂಗಿ ತೊಟ್ಟವರು ಗಣಿಯ ಮಕ್ಕಳು, ರೈಲ್ವೆಯವರು, ಶಾಲೆ ಮೇಷ್ಟರುಗಳು. ಈ ಎರಡು ನೀಲಿಯ ಮಾತನ್ನು ನೆನಪಿಡು, ಮುಂದಿನ ಉತ್ತರದಲ್ಲಿ ಮತ್ತೆ ಬರುತ್ತದೆ.

ಪ್ರಶ್ನೆ: ಬಿಷಪ್ ಆಕ್ಲೆಂಡಿನ ಆಟ ನೋಡಲು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಒಂದು ಲಕ್ಷ ಜನ ಸೇರಿದ್ದರು ಎಂದು ಎಲ್ಲೋ ಓದಿದೆ. ಇಪ್ಪತ್ತೈದು ಸಾವಿರ ಜನರ ಊರಿನ, ಸಂಬಳವಿಲ್ಲದ ಆಟಗಾರರ ತಂಡಕ್ಕೆ ಲಕ್ಷ ಜನವೇ? ಒಂದು ಸೊನ್ನೆ ಹೆಚ್ಚಾಗಿರಬೇಕು.
– ಬ್ಯಾಂಕ್ ಉದ್ಯೋಗಿ

ಸೊನ್ನೆ ಸರಿಯಾಗಿದೆ. ಅದೂ ಒಂದು ಸಲವಲ್ಲ.

ಆ ಕಾಲದಲ್ಲಿ ಸಂಬಳ ಪಡೆಯದವರಿಗೆಂದೇ ಒಂದು ಟೂರ್ನಿ ಇತ್ತು: ಇಂಗ್ಲೆಂಡಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಎಫ್‌ಎ ನಡೆಸುತ್ತಿದ್ದ ಎಫ್‌ಎ ಅಮೆಚೂರ್ ಕಪ್. 1893ರಲ್ಲಿ ಶುರುವಾಗಿ 1974ರಲ್ಲಿ ಮುಗಿಯಿತು. ಅದನ್ನು ಬಿಷಪ್ ಆಕ್ಲೆಂಡ್ ಹತ್ತು ಸಲ ಗೆದ್ದಿದೆ: 1896, 1900, 1914, 1921, 1922, 1935, 1939, ಆಮೇಲೆ 1955, 56, 57ರಲ್ಲಿ ಸಾಲಾಗಿ ಮೂರು. ನಂತರದ ಸ್ಥಾನದಲ್ಲಿರುವ ಕ್ಲಾಪ್ಟನ್ ಮತ್ತು ಕ್ರೂಕ್ ಟೌನ್ ಗೆದ್ದಿದ್ದು ಐದೈದು. ಟೂರ್ನಿಯೇ ಈಗ ಇಲ್ಲದ್ದರಿಂದ ಈ ದಾಖಲೆಯನ್ನು ಇನ್ನು ಯಾರೂ ಮುರಿಯುವಂತಿಲ್ಲ.

1949ರಲ್ಲಿ ಆ ಕಪ್ಪಿನ ಫೈನಲ್ಲನ್ನು ವೆಂಬ್ಲಿಗೆ ತಂದರು. ಅಲ್ಲಿಂದ ಶುರುವಾಯಿತು ನೋಡಿ ಬಿಷಪ್‌ನವರ ಪಾಡು. 1950ರಲ್ಲಿ ಫೈನಲ್ ತಲುಪಿದರು. ಎದುರಿಗೆ ವಿಲ್ಲಿಂಗ್‌ಟನ್, ಐದಾರು ಮೈಲಿ ದೂರದ ನೆರೆಯೂರು. 4-0 ಸೋಲು. ಮರುವರ್ಷ ಮತ್ತೆ ಫೈನಲ್, ಒಂದು ಲಕ್ಷ ಜನ, ಎದುರಿಗೆ ಪೆಗಸಸ್. ಪೆಗಸಸ್ ಯಾರು ಗೊತ್ತೇ? ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜಿನ ಹುಡುಗರು ಕೂಡಿ 1948ರಲ್ಲಿ ಕಟ್ಟಿದ ತಂಡ. ಯಾರ ಬಣ್ಣವನ್ನು ಅರವತ್ತೈದು ವರ್ಷ ಮೈಮೇಲೆ ಹೊತ್ತು ಆಡಿದ್ದರೋ ಅವರ ಕೈಲೇ 2-1ರಿಂದ ಸೋತರು. 1954ರಲ್ಲಿ ಮೂರನೇ ಸಲ. ಎದುರಿಗೆ ಕ್ರೂಕ್ ಟೌನ್, ಅದೂ ಐದಾರು ಮೈಲಿ ದೂರದ್ದೇ. ಅಂದರೆ ಒಂದೇ ಕಣಿವೆಯ ಎರಡು ಚಿಕ್ಕ ಊರಿನವರು ಲಂಡನ್ನಿಗೆ ಹೋಗಿ ಲಕ್ಷ ಜನರೆದುರು ಆಡಿದರು. 2-2 ಡ್ರಾ. ನ್ಯೂಕಾಸಲ್‌ನ ಸೇಂಟ್ ಜೇಮ್ಸ್ ಪಾರ್ಕಿನಲ್ಲಿ ಮರುಪಂದ್ಯ: ಮತ್ತೆ 2-2. ಮಿಡಲ್ಸ್‌ಬರೋದ ಏರ್ಸಮ್ ಪಾರ್ಕಿನಲ್ಲಿ ಮೂರನೆಯದು: ಕ್ರೂಕ್ 1-0. ಮೂರೂ ಪಂದ್ಯ ಸೇರಿ ನೋಡಿದವರು ಒಂದು ಲಕ್ಷ ತೊಂಬತ್ತು ಸಾವಿರಕ್ಕೂ ಹೆಚ್ಚು.

ಇದನ್ನೆಲ್ಲ ನನಗೆ ಹೇಳಿದವರು ಪಕ್ಕದ ಮನೆಯ ಅಜ್ಜ. ಹದಿನೈದಕ್ಕೆ ಗಣಿಗಿಳಿದು, ಗಣಿ ಮುಚ್ಚಿದ ಮೇಲೆ ಶಿಲ್ಡನ್ನಿನ ವ್ಯಾಗನ್ ಕಾರ್ಖಾನೆ ಸೇರಿದವರು. ನಾವು ಹೋದ ಮೊದಲ ಚಳಿಗಾಲದಲ್ಲಿ ನಮ್ಮ ಬಾಗಿಲ ಮುಂದಿನ ಹಿಮವನ್ನು ಸಲಿಕೆಯಲ್ಲಿ ತೆಗೆಯುತ್ತಾ, "ಮಗನಿಗೆ ಫುಟ್‌ಬಾಲ್ ಇಷ್ಟವೇ?" ಎಂದು ಕೇಳಿದರು. ಆ ಒಂದು ಮಾತಿನಿಂದ ಎಂಟು ವರ್ಷದ ಶನಿವಾರಗಳು ತುಂಬಿದವು.

ಅವರ ಬಳಿ ತಗಡಿನ ಬಿಸ್ಕತ್ ಡಬ್ಬಿ ಒಂದಿತ್ತು. ಒಳಗೆ 1955ರ ಫೈನಲ್ ಪಂದ್ಯದ ಪ್ರೋಗ್ರಾಂ ಪುಸ್ತಿಕೆ. ಅದನ್ನು ಮುಟ್ಟುವ ಮೊದಲು ನನಗೂ ಮಗನಿಗೂ ಕೈ ತೊಳೆದುಕೊಂಡು ಬರಲು ಹೇಳಿದರು. ಪಿನ್ನು ತುಕ್ಕು ಹಿಡಿದು ನಡುವಿನ ಹಾಳೆಗೆ ಕಂದು ಕಲೆ ಬಿದ್ದಿತ್ತು. ಅದೇ ನಡುವಿನ ಹಾಳೆಯಲ್ಲಿ ಎರಡೂ ತಂಡದ ಹೆಸರು. ಬಿಷಪ್‌ನ ಡೆರೆಕ್ ಲ್ಯೂಯಿನ್ ಹೆಸರಿನ ಪಕ್ಕದಲ್ಲಿ ಪೆನ್ಸಿಲ್ಲಿನ ಎರಡು ಗೀಟು. ಆ ದಿನ ಹೆಂಡನ್ ವಿರುದ್ಧ ಬಂದ ಎರಡೂ ಗೋಲು ಲ್ಯೂಯಿನ್ ಅವರದೇ. ಗೀಟು ಎಳೆದದ್ದು ಅಜ್ಜನ ಅಪ್ಪ, ಗಣಿ ಕೆಲಸದವರು. ಮೊದಲ ಗೀಟು ನೆಟ್ಟಗಿದೆ. ಎರಡನೆಯದು ಕೈ ನಡುಗಿದಂತೆ ಓರೆಯಾಗಿ ಹೆಸರಿನ ಮೇಲೇ ಹರಿದಿದೆ. ಅಜ್ಜ ಆಗ ಹನ್ನೊಂದರ ಹುಡುಗ. "ಅಪ್ಪ ಅತ್ತಿದ್ದನ್ನು ನೋಡಿದ್ದು ಅದೊಂದೇ ಸಲ," ಅಂದರು. ಐದು ವರ್ಷದಲ್ಲಿ ಮೂರು ಫೈನಲ್ ಸೋತು, ನಾಲ್ಕನೆಯದಕ್ಕೂ ಸಾಲ ಮಾಡಿ ರೈಲು ಹತ್ತಿದ ಮನುಷ್ಯ ಅಳದೆ ಇನ್ನೇನು ಮಾಡುತ್ತಾರೆ?

1956ರಲ್ಲಿ ಕೊರಿಂಥಿಯನ್-ಕ್ಯಾಶುವಲ್ಸ್ ವಿರುದ್ಧ ವೆಂಬ್ಲಿಯಲ್ಲಿ 1-1, ಮಿಡಲ್ಸ್‌ಬರೋದಲ್ಲಿ 4-1. 1957ರಲ್ಲಿ ವಿಕಮ್ ವಾಂಡರರ್ಸ್ ವಿರುದ್ಧ 3-1. ಇವುಗಳ ಬಗ್ಗೆ ಅಜ್ಜ ಹೆಚ್ಚು ಹೇಳುತ್ತಿರಲಿಲ್ಲ. 1955ಕ್ಕೇ ಮಾತು ಮರಳುತ್ತಿತ್ತು. ಅದೇ ವರ್ಷ ಜನವರಿಯಲ್ಲಿ, ವೃತ್ತಿಪರರೂ ಆಡುವ ಎಫ್‌ಎ ಕಪ್‌ನಲ್ಲಿ ಬಿಷಪ್‌ನವರು ಎರಡನೇ ಡಿವಿಜನ್ನಿನ ಇಪ್ಸ್‌ವಿಚ್ ತಂಡವನ್ನು ಅವರೂರಿನಲ್ಲಿ 2-2ರಲ್ಲಿ ತಡೆದು, ತಮ್ಮೂರಿಗೆ ಕರೆಸಿ 3-0 ಸೋಲಿಸಿದ್ದರು. ಅದಕ್ಕೂ ಮೊದಲು ಕ್ರಿಸ್ಟಲ್ ಪ್ಯಾಲೇಸ್ ಮೇಲೆ ಲಂಡನ್ನಿನಲ್ಲೇ 4-2. ಆ ಹುಡುಗರು ಸೋಮವಾರ ಬೆಳಿಗ್ಗೆ ಮತ್ತೆ ಕೆಲಸಕ್ಕೆ ಹೋದರು ಅನ್ನುವುದನ್ನು ಮರೆಯಬೇಡಿ.

ಗೋಲ್‌ಕೀಪರ್ ಹ್ಯಾರಿ ಶಾರಟ್ ಕಥೆಯನ್ನೂ ಅಜ್ಜ ಹೇಳುತ್ತಿದ್ದರು. ಚೆಂಡು ಇತ್ತ ಬಾರದೆ ಬೇಸರವಾದಾಗ ಗೋಲಿನ ಮುಂದೆ ಹಿಮದ ಬೊಂಬೆ ಕಟ್ಟಿದರಂತೆ. ಆ ಸೀಮೆಯಲ್ಲಿ ಈ ಕಥೆ ಕೇಳದ ಮಗುವಿಲ್ಲ.

ಪ್ರಶ್ನೆ: ನಿಜವಾಗಿಯೂ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲವೇ? ಅಷ್ಟು ಚೆನ್ನಾಗಿ ಆಡುವವರು ವೃತ್ತಿಪರರಾಗಿ ಹಣ ಮಾಡಬಹುದಿತ್ತಲ್ಲ?
– ಜಿಲ್ಲಾ ಮಟ್ಟದ ಮಾಜಿ ಆಟಗಾರರೊಬ್ಬರು

ಎರಡು ಪ್ರಶ್ನೆ ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಯಾಕೆಂದರೆ ಇಡೀ ಕಥೆಯ ಗಂಟು ಇರುವುದು ಅಲ್ಲೇ.

ಆಗ ಇಂಗ್ಲೆಂಡಿನಲ್ಲಿ ವೃತ್ತಿಪರ ಆಟಗಾರನ ಸಂಬಳಕ್ಕೆ ಮಿತಿ ಇತ್ತು. 1955ರಲ್ಲಿ ವಾರಕ್ಕೆ ಹೆಚ್ಚೆಂದರೆ 15 ಪೌಂಡ್. ಎಷ್ಟೇ ದೊಡ್ಡ ಆಟಗಾರನಾದರೂ ಅಷ್ಟೇ. ಅಷ್ಟೇ ಅಲ್ಲ, ವೃತ್ತಿಪರನಾಗಿ ಸಹಿ ಹಾಕಿದರೆ ಅವನನ್ನು ಹಿಡಿದಿಟ್ಟುಕೊಳ್ಳುವ, ಮಾರುವ ಹಕ್ಕು ಕ್ಲಬ್ಬಿನದು. ಮೂವತ್ತೈದಕ್ಕೆ ಮೊಣಕಾಲು ಹೋದರೆ ಆಟವೂ ಇಲ್ಲ, ಬೇರೆ ಕೆಲಸವೂ ಇಲ್ಲ. ಇನ್ನು ಕೈಯಲ್ಲಿ ಮೇಷ್ಟರ ಕೆಲಸವೋ ವ್ಯಾಪಾರವೋ ಇದ್ದವನು ಅಮೆಚೂರ್ ಆಗಿಯೇ ಉಳಿದರೆ, ಪಿಂಚಣಿ ಭದ್ರ, ತನಗಿಷ್ಟ ಬಂದ ಕ್ಲಬ್ಬಿಗೆ ಹೋಗುವ ಸ್ವಾತಂತ್ರ್ಯ, ಮೇಲೆ ಒಲಿಂಪಿಕ್ಸ್‌ನಲ್ಲಿ ಆಡುವ ಅವಕಾಶ. ಲೆಕ್ಕ ಹಾಕಿದರೆ ನಷ್ಟವೇನಿಲ್ಲ.

ಶೇಮಸ್ ಓ'ಕಾನೆಲ್ ಅವರನ್ನೇ ನೋಡಿ. ದನದ ವ್ಯಾಪಾರಿಯ ಮಗ, ತಾನೂ ಅದೇ ವ್ಯಾಪಾರದವನು. 1954-55ರಲ್ಲಿ ಅಮೆಚೂರ್ ಆಗಿಯೇ ಲಂಡನ್ನಿನ ವೃತ್ತಿಪರ ಕ್ಲಬ್ ಚೆಲ್ಸಿಗೂ ಆಡಿದರು, ಬಿಷಪ್ ಆಕ್ಲೆಂಡಿಗೂ ಆಡಿದರು. ಚೆಲ್ಸಿ ಪರ ಮೊದಲ ಪಂದ್ಯದಲ್ಲೇ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಮೂರು ಗೋಲು ಹೊಡೆದರು. ಆ ಪಂದ್ಯವನ್ನು ಚೆಲ್ಸಿ 5-6ರಿಂದ ಸೋತಿತು ಅನ್ನುವುದು ಬೇರೆ ಮಾತು. ಆ ಋತುವಿನಲ್ಲಿ ಚೆಲ್ಸಿ ತನ್ನ ಮೊಟ್ಟಮೊದಲ ಲೀಗ್ ಪ್ರಶಸ್ತಿ ಗೆದ್ದಿತು, ಬಿಷಪ್ ಅಮೆಚೂರ್ ಕಪ್ ಗೆದ್ದಿತು. ಎರಡರಲ್ಲೂ ಇದೇ ಮನುಷ್ಯ.

ಈಗ ನಿಮ್ಮ ಮೊದಲ ಪ್ರಶ್ನೆ. ಕೆಲವರು ತೆಗೆದುಕೊಳ್ಳುತ್ತಿದ್ದರು. ಪಂದ್ಯ ಮುಗಿಸಿ ಬಂದವನ ಬೂಟಿನೊಳಗೆ ಒಂದೆರಡು ನೋಟು ಮಡಚಿಟ್ಟಿರುತ್ತಿದ್ದುದು ಅಮೆಚೂರ್ ಲೋಕದಲ್ಲೆಲ್ಲ ಗೊತ್ತಿದ್ದ ಗುಟ್ಟು. ಅದನ್ನು 'ಬೂಟಿನ ದುಡ್ಡು' ಎಂದೇ ಕರೆಯುತ್ತಿದ್ದರು. 1928ರಲ್ಲಿ ಕ್ರೂಕ್ ಟೌನಿನ ಲೆಕ್ಕಪುಸ್ತಕದಿಂದ ಎದ್ದ ಗಲಾಟೆ ಡರ್ಹಮ್ ಸೀಮೆಯನ್ನೆಲ್ಲ ಸುತ್ತಿ, ನಿಯಮ ಮೀರಿ ಹಣ ಪಡೆದರೆಂದು ಮುನ್ನೂರಕ್ಕೂ ಹೆಚ್ಚು ಆಟಗಾರರನ್ನು ಅಮಾನತು ಮಾಡಿದರು. ನನ್ನ ಅಭಿಪ್ರಾಯ ಕೇಳಿದರೆ, ನೆಲದಡಿ ಇಡೀ ವಾರ ಕಲ್ಲಿದ್ದಲು ಕಡಿದವನು ಶನಿವಾರ ಸಾವಿರಾರು ಜನ ಟಿಕೆಟ್ ಕೊಂಡು ನೋಡುವ ಆಟ ಆಡಿ, ಬಸ್ ಚಾರ್ಜಿನ ಮೇಲೆ ಹತ್ತು ಶಿಲ್ಲಿಂಗ್ ಪಡೆದರೆ ಅದು ಕಳ್ಳತನವಲ್ಲ. ಗೇಟಿನಲ್ಲಿ ದುಡ್ಡು ಬರುತ್ತಿತ್ತು; ಆಟಗಾರ ಮಾತ್ರ ಮುಟ್ಟಬಾರದು ಅನ್ನುವ ನಿಯಮ ಮಾಡಿದವರು ದುಡ್ಡಿನ ಚಿಂತೆ ಇಲ್ಲದ ಮನೆಯವರು.

ಪ್ರಶ್ನೆ: ನಾನು ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿ. ನಮ್ಮ ಕ್ಲಬ್ಬಿಗೆ ಒಮ್ಮೆ ಬಿಷಪ್ ಆಕ್ಲೆಂಡ್ ಸಹಾಯ ಮಾಡಿತ್ತು ಎನ್ನುತ್ತಾರೆ. ದೊಡ್ಡವರಿಗೆ ಚಿಕ್ಕವರು ಮಾಡುವ ಸಹಾಯ ಏನು?
– ಎಂಜಿನಿಯರಿಂಗ್ ವಿದ್ಯಾರ್ಥಿ

1958ರ ಫೆಬ್ರವರಿ 6. ಮ್ಯೂನಿಕ್ ವಿಮಾನ ನಿಲ್ದಾಣದ ಹಿಮ ಕರಗಿದ ರನ್‌ವೇ. ಯುನೈಟೆಡ್ ತಂಡ ಹೊತ್ತ ವಿಮಾನ ಮೇಲೇಳಲಾಗದೆ ಅಪಘಾತಕ್ಕೀಡಾಯಿತು. 23 ಜನ ಹೋದರು, ಅವರಲ್ಲಿ ಎಂಟು ಮಂದಿ ಆಟಗಾರರು. ಮ್ಯಾನೇಜರ್ ಮ್ಯಾಟ್ ಬಸ್ಬಿ ಸಾವು ಬದುಕಿನ ನಡುವೆ ಆಸ್ಪತ್ರೆಯಲ್ಲಿ. ವೇಲ್ಸ್ ತಂಡದ ಕೆಲಸವಿದ್ದುದರಿಂದ ವಿಮಾನ ಹತ್ತದೆ ಉಳಿದ ಜಿಮ್ಮಿ ಮರ್ಫಿ ಹದಿಮೂರು ದಿನಕ್ಕೆ ಮುಂದಿನ ಪಂದ್ಯಕ್ಕೆ ತಂಡ ಕಟ್ಟಬೇಕು. ಆ ಪಂದ್ಯದ ಪ್ರೋಗ್ರಾಮಿನಲ್ಲಿ ಯುನೈಟೆಡ್ ಆಟಗಾರರ ಹೆಸರಿರಬೇಕಾದ ಹನ್ನೊಂದು ಜಾಗ ಖಾಲಿ ಬಿಟ್ಟು ಅಚ್ಚು ಹಾಕಿದ್ದರು.

ರಿಸರ್ವ್ ಹುಡುಗರನ್ನೆಲ್ಲ ಮೊದಲ ತಂಡಕ್ಕೆ ಏರಿಸಿದರು. ಹಾಗಾದರೆ ರಿಸರ್ವ್ ತಂಡಕ್ಕೆ ಆಡುವವರು ಯಾರು? ಅಲ್ಲಿ ಎಳೆಯರ ಪಕ್ಕದಲ್ಲಿ ನಿಂತು ಆಡಿಸುವ ಅನುಭವಿಗಳು ಬೇಕಿತ್ತು. ಆಗ ಬಿಷಪ್ ಆಕ್ಲೆಂಡಿನಿಂದ ಮೂವರು ಹೋದರು: ಬಾಬ್ ಹಾರ್ಡಿಸ್ಟಿ, ಡೆರೆಕ್ ಲ್ಯೂಯಿನ್, ವಾರನ್ ಬ್ರಾಡ್ಲಿ. ಹಾರ್ಡಿಸ್ಟಿ ಅವರಿಗೆ ಮೂವತ್ತೇಳರ ಆಸುಪಾಸು. 1948, 52, 56 ಮೂರೂ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿಗೆ ಆಡಿದವರು. ಲಂಡನ್ ಒಲಿಂಪಿಕ್ಸ್‌ನ ಬ್ರಿಟನ್ ತಂಡಕ್ಕೆ ಗುರು ಇದೇ ಬಸ್ಬಿ. ಹತ್ತು ವರ್ಷದ ಹಿಂದಿನ ಗುರು ಆಸ್ಪತ್ರೆಯಲ್ಲಿ ಮಲಗಿದ್ದಾಗ ಶಿಷ್ಯ ಬೂಟು ಕಟ್ಟಿಕೊಂಡು ಹೋಗಿ ಅವರ ಹುಡುಗರ ಜೊತೆ ನಿಂತರು.

ಬ್ರಾಡ್ಲಿ ಕಥೆ ಇನ್ನೂ ಚೆಂದ. ಅವರು ಶಾಲೆ ಮೇಷ್ಟರು, ಬಲಬದಿಯ ವಿಂಗರ್. ಯುನೈಟೆಡ್‌ನಲ್ಲೇ ಉಳಿದು ಮೊದಲ ತಂಡಕ್ಕೆ ಬಂದರು, 1959ರಲ್ಲಿ ಇಂಗ್ಲೆಂಡ್ ಪರ ಮೂರು ಅಂತಾರಾಷ್ಟ್ರೀಯ ಪಂದ್ಯ ಆಡಿದರು. ಇಂಗ್ಲೆಂಡಿನ ಅಮೆಚೂರ್ ತಂಡಕ್ಕೂ ಪೂರ್ಣ ತಂಡಕ್ಕೂ ಒಂದೇ ಋತುವಿನಲ್ಲಿ ಆಡಿದ ಆಟಗಾರ ಅವರು. ಯುನೈಟೆಡ್ ಮೈದಾನವಾದ ಓಲ್ಡ್ ಟ್ರಾಫರ್ಡಿನಲ್ಲಿ ಆಡುತ್ತಿದ್ದಾಗಲೂ ಪಾಠ ಮಾಡುವುದನ್ನು ಬಿಡಲಿಲ್ಲ, ಮುಂದೆ ಹೆಡ್‌ಮಾಸ್ಟರ್ ಆದರು. ನಿಮ್ಮ ಕ್ಲಬ್ಬಿನ ಹಳೆಯ ಆಟಗಾರರ ಪಟ್ಟಿಯಲ್ಲಿ ಈ ಮೇಷ್ಟರ ಹೆಸರನ್ನು ಒಮ್ಮೆ ಹುಡುಕಿ ನೋಡಿ, ತಮ್ಮ.

ಪ್ರಶ್ನೆ: ಅಷ್ಟು ದೊಡ್ಡ ತಂಡ ಒಂಬತ್ತನೇ ಮೆಟ್ಟಿಲಿಗೆ ಇಳಿದದ್ದು ಹೇಗೆ? ಆಡಳಿತ ಮಂಡಳಿಯ ಜಗಳವೇ?
– ಸಹಕಾರ ಸಂಘದ ಕಾರ್ಯದರ್ಶಿ

ಜಗಳ ಎಲ್ಲ ಕಡೆ ಇರುತ್ತದೆ, ಸ್ವಾಮಿ. ಕಾರಣ ಅದಲ್ಲ. 1961ರಲ್ಲಿ ಸಂಬಳದ ಮಿತಿ ತೆಗೆದುಹಾಕಿದರು. ಅಲ್ಲಿಗೆ ನಾನು ಮೇಲೆ ಹೇಳಿದ ಲೆಕ್ಕ ತಲೆಕೆಳಗಾಯಿತು. ಒಳ್ಳೆಯ ಆಟಗಾರ ಅಮೆಚೂರ್ ಆಗಿ ಉಳಿಯುವುದಕ್ಕೆ ಇನ್ನು ಕಾರಣವಿರಲಿಲ್ಲ. 1964ರಲ್ಲಿ ಬಿಬಿಸಿ ಟಿವಿಯಲ್ಲಿ ಶನಿವಾರ ರಾತ್ರಿ ದೊಡ್ಡ ತಂಡಗಳ ಆಟ ತೋರಿಸಲು ಶುರುಮಾಡಿತು. 1974ರಲ್ಲಿ ಎಫ್‌ಎ ಅಮೆಚೂರ್, ವೃತ್ತಿಪರ ಅನ್ನುವ ಭೇದವನ್ನೇ ಅಳಿಸಿತು, ಎಲ್ಲರೂ 'ಆಟಗಾರರು'. ನ್ಯಾಯವಾದ ಮಾತೇ. ಆದರೆ ಅದರೊಂದಿಗೆ ಕಪ್ಪೂ ಹೋಯಿತು, ವೆಂಬ್ಲಿಯ ದಾರಿಯೂ ಹೋಯಿತು.

ಇದೆಲ್ಲಕ್ಕಿಂತ ದೊಡ್ಡ ಪೆಟ್ಟು ನೆಲದಡಿಯಿಂದ ಬಂತು. ಪಶ್ಚಿಮ ಡರ್ಹಮ್‌ನ ಗಣಿಗಳು ಒಂದೊಂದಾಗಿ ಮುಚ್ಚಿದವು. 1951ರಲ್ಲಿ ಕೌಂಟಿಯ ಆಡಳಿತ ಹಳ್ಳಿಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಿತು. 'ಡಿ' ಬಿದ್ದ ಹಳ್ಳಿಗೆ ಹೊಸ ಮನೆ ಇಲ್ಲ, ಚರಂಡಿ ಇಲ್ಲ, ಒಂದು ಪೌಂಡ್ ಖರ್ಚಿಲ್ಲ. ತಾನಾಗಿ ಬತ್ತಿಹೋಗಲಿ ಎಂದು ಬಿಡುವುದು. ಮೊದಲಿಗೆ 114 ಹಳ್ಳಿಗಳು. ತಂಡಕ್ಕೆ ಆಟಗಾರರನ್ನೂ ನೋಡುವವರನ್ನೂ ಕೊಡುತ್ತಿದ್ದ ಹಳ್ಳಿಗಳೇ ಅವು. ನಮ್ಮ ಅಜ್ಜ ಹುಟ್ಟಿದ ಸಾಲುಮನೆ ಇದ್ದ ಜಾಗಕ್ಕೆ ಒಮ್ಮೆ ಕರೆದೊಯ್ದರು. ಹುಲ್ಲುಗಾವಲು, ಕುರಿಗಳು. "ಇದು ಅಡುಗೆಮನೆ," ಎಂದು ಊರುಗೋಲಿನಲ್ಲಿ ಹುಲ್ಲಿನ ಮೇಲೆ ಚೌಕ ಎಳೆದು ತೋರಿಸಿದರು. ಶಿಲ್ಡನ್ನಿನ ವ್ಯಾಗನ್ ಕಾರ್ಖಾನೆಯೂ 1984ರಲ್ಲಿ ಮುಚ್ಚಿತು. ಒಂದು ಬದುಕಿನಲ್ಲಿ ಎರಡು ಸಲ ಕೆಲಸ ಹೋದ ಮನುಷ್ಯ ಶನಿವಾರದ ಪಂದ್ಯವನ್ನು ಮಾತ್ರ ಬಿಡಲಿಲ್ಲ.

ಕ್ಲಬ್ಬು ತಾನೂ ಅಲೆದಾಡಿತು. 1988ರಲ್ಲಿ ನಾರ್ದರ್ನ್ ಲೀಗ್ ಬಿಟ್ಟು ಮೇಲಿನ ಮೆಟ್ಟಿಲಿಗೆ ಹೋಯಿತು, 2006ರಲ್ಲಿ ವಾಪಸು ಬಂತು. ಹಳೆಯ ಕಿಂಗ್ಸ್‌ವೇ ಮೈದಾನ ಕ್ರಿಕೆಟ್ ಕ್ಲಬ್ಬಿನ ಜೊತೆ ಹಂಚಿಕೊಂಡದ್ದು. ಒಂದು ಪಕ್ಕ ಪೂರ್ತಿ ಕ್ರಿಕೆಟ್ ಅಂಗಳಕ್ಕೆ ತೆರೆದಿದ್ದರಿಂದ ಅಲ್ಲಿ ಪ್ರೇಕ್ಷಕರ ಮೆಟ್ಟಿಲು ಕಟ್ಟುವಂತಿರಲಿಲ್ಲ. 2001ರಲ್ಲಿ ಅದನ್ನು ಬಿಟ್ಟ ಮೇಲೆ ಒಂಬತ್ತು ವರ್ಷ ನೆರೆಯೂರುಗಳ ಮೈದಾನದಲ್ಲಿ ಬಾಡಿಗೆಗೆ ಆಡಿದರು. ಸ್ವಂತ ಮೈದಾನ ಹೆರಿಟೇಜ್ ಪಾರ್ಕ್ ಆದದ್ದು 2010ರಲ್ಲಿ. ಒಂಬತ್ತು ವರ್ಷ ಸ್ವಂತ ಮನೆ ಇಲ್ಲದೆ ಒಂದು ಕ್ಲಬ್ ಒಡೆಯದೆ ಉಳಿದದ್ದು ನನಗೆ ಹತ್ತು ಕಪ್‌ಗಿಂತ ಕಡಿಮೆ ಸಾಧನೆ ಅನ್ನಿಸುವುದಿಲ್ಲ.

ಪ್ರಶ್ನೆ: ವೆಸ್ಟ್ ಆಕ್ಲೆಂಡ್ ಎಂದಾಗ ನೆನಪಾಯಿತು. ಮೊದಲ ವಿಶ್ವಕಪ್ ಗೆದ್ದದ್ದು ಅವರೇ ಅನ್ನುತ್ತಾರಲ್ಲ?
– ಕ್ವಿಜ್ ಮಾಸ್ಟರ್ ಒಬ್ಬರು

ಅಧಿಕೃತ ವಿಶ್ವಕಪ್ 1930ರದ್ದು, ಉರುಗ್ವೆಯದು. ಆದರೆ 1909ರಲ್ಲಿ ಚಹಾ ವ್ಯಾಪಾರಿ ಸರ್ ಥಾಮಸ್ ಲಿಪ್ಟನ್ ಹೆಸರಿನ ಟ್ರೋಫಿಗಾಗಿ ಇಟಲಿಯ ಟ್ಯೂರಿನ್‌ನಲ್ಲಿ ಹಲವು ದೇಶದ ತಂಡಗಳ ಟೂರ್ನಿ ನಡೆಯಿತು. ಇಂಗ್ಲೆಂಡಿನಿಂದ ಹೋದದ್ದು ವೆಸ್ಟ್ ಆಕ್ಲೆಂಡಿನ ಗಣಿ ಕೆಲಸಗಾರರು. ಸ್ವಿಟ್ಜರ್ಲೆಂಡಿನ ವಿಂಟರ್‌ಥರ್ ತಂಡವನ್ನು ಫೈನಲ್‌ನಲ್ಲಿ 2-0 ಸೋಲಿಸಿದರು. 1911ರಲ್ಲಿ ಮತ್ತೆ ಹೋಗಿ ಯುವೆಂಟಸ್ ತಂಡವನ್ನು 6-1ರಿಂದ ಸೋಲಿಸಿ ಟ್ರೋಫಿಯನ್ನು ಶಾಶ್ವತವಾಗಿ ತಂದರು. ಹೋಗಿಬಂದ ಖರ್ಚಿಗೆ ಸಾಲವಾಗಿತ್ತು. ಊರಿನ ಹೋಟೆಲೊಂದರ ಒಡತಿ 40 ಪೌಂಡ್ ಕೊಟ್ಟು ಟ್ರೋಫಿ ಅಡವಿಟ್ಟುಕೊಂಡರು. ಅದನ್ನು ಬಿಡಿಸಿಕೊಂಡದ್ದು 1960ರಲ್ಲಿ, 100 ಪೌಂಡಿಗೆ. 1994ರಲ್ಲಿ ಕಳುವಾಯಿತು, ಮತ್ತೆ ಸಿಗಲಿಲ್ಲ. ಈಗಿರುವುದು ಅದರ ಪ್ರತಿ. ನಿಮ್ಮ ಕ್ವಿಜ್‌ನಲ್ಲಿ ಕೇಳುವುದಾದರೆ 40 ಪೌಂಡಿನ ಪ್ರಶ್ನೆ ಕೇಳಿ.

ಪ್ರಶ್ನೆ: ಸೆಪ್ಟೆಂಬರಿನಲ್ಲಿ ಮಗಳು ಓದಲು ನ್ಯೂಕಾಸಲ್‌ಗೆ ಹೋಗುತ್ತಿದ್ದಾಳೆ. ನಿಮ್ಮ ತಂಡದ ಆಟ ನೋಡಬೇಕೆಂದರೆ ಏನು ಮಾಡಬೇಕು?
– ತಾಯಿಯೊಬ್ಬರು

ಖಂಡಿತ ಕಳಿಸಿ, ಅಕ್ಕ. ನ್ಯೂಕಾಸಲ್‌ನಿಂದ ಡಾರ್ಲಿಂಗ್‌ಟನ್‌ಗೆ ರೈಲು, ಅಲ್ಲಿ ಬದಲಿಸಿ ಬಿಷಪ್ ಆಕ್ಲೆಂಡ್ ರೈಲು. ಅದು ಆ ಹಳಿಯ ಕೊನೆಯ ನಿಲ್ದಾಣ, ಇಳಿಯುವುದು ತಪ್ಪುವ ಪ್ರಶ್ನೆಯೇ ಇಲ್ಲ. ಹಿಂದಿನ ನಿಲ್ದಾಣ ಶಿಲ್ಡನ್. 1825ರಲ್ಲಿ ಉಗಿಬಂಡಿ ಹೊರಟ ಊರು, ಸಮಯವಿದ್ದರೆ ಅಲ್ಲಿನ ರೈಲು ಮ್ಯೂಸಿಯಂ ನೋಡಲಿ. ನಿಲ್ದಾಣದಿಂದ ಹೆರಿಟೇಜ್ ಪಾರ್ಕಿಗೆ ನಡೆದರೆ ಅರ್ಧ ಗಂಟೆ. ಆಟ ಶನಿವಾರ ಮಧ್ಯಾಹ್ನ ಮೂರಕ್ಕೆ. ನಾವಿದ್ದಾಗ ಟಿಕೆಟ್ ಹತ್ತು ಪೌಂಡಿಗಿಂತ ಕಡಿಮೆ ಇತ್ತು, ಮಕ್ಕಳಿಗೆ ಇನ್ನೂ ಅಗ್ಗ. ಹಿಂದಿನ ರಾತ್ರಿ ಜೋರು ಮಳೆಯಾಗಿದ್ದರೆ ಪಂದ್ಯ ಮುಂದೂಡುವುದುಂಟು, ಹೊರಡುವ ಮೊದಲು ವಿಚಾರಿಸಿಕೊಳ್ಳಲಿ.

ಒಳಗೆ ಹೋದ ಮೇಲೆ ಒಂದೇ ಕಡೆ ಕೂರಬೇಕಿಲ್ಲ. ಕಂಬಿಗೆ ಆನಿಕೊಂಡು ನಿಂತರೆ ಆಟಗಾರರು ಬೈದುಕೊಳ್ಳುವುದು, ಬೂಟು ಕೆಸರಿನಿಂದ ಕಿತ್ತು ಬರುವ ಸದ್ದು ಎಲ್ಲ ಕೇಳುತ್ತದೆ. ಅರ್ಧ ಆಟವಾದ ಮೇಲೆ ಕೆಲವರು ತಮ್ಮ ತಂಡ ಗೋಲು ಹೊಡೆಯುವ ಬದಿಗೆ ನಡೆದು ಹೋಗುತ್ತಾರೆ, ಅವಳೂ ಹೋಗಲಿ. ಚಹಾ ಕೌಂಟರಿನಲ್ಲಿ ಬವ್ರಿಲ್ ಎಂಬ ಬಿಸಿ ಪಾನೀಯ ಸಿಗುತ್ತದೆ. ಅದು ದನದ ಮಾಂಸದ ಸಾರ, ತಿನ್ನದವರಾದರೆ ಚಹಾ ಎಂದೇ ಸ್ಪಷ್ಟವಾಗಿ ಕೇಳಬೇಕು. ಒಳಗೆ ಬರುತ್ತಲೇ ಕಮಿಟಿಯವರು ಯಾರಾದರೂ ರಾಫಲ್ ಅನ್ನುವ ಲಾಟರಿ ಚೀಟಿಯ ಸುರುಳಿ ಹಿಡಿದು ಎದುರಾಗುತ್ತಾರೆ. ಅದರ ದುಡ್ಡಿನಲ್ಲಿ ಕ್ಲಬ್ಬಿನ ಖರ್ಚು ಸಾಗುತ್ತದೆ, ಆದ್ದರಿಂದ ಜೇಬಿನಲ್ಲಿ ಒಂದೊಂದು ಪೌಂಡಿನ ನಾಣ್ಯಗಳು ನಾಲ್ಕೈದಾದರೂ ಇರಲಿ.